ಅಣ್ಣನಿಗೆ ಸ್ಟೆಮ್ ಸೆಲ್ ಕೊಡೋಕೆ ಮನಸ್ಸಿದೆ, ಆದರೆ ಆ ಐದು ದಿನದ ಇಂಜೆಕ್ಷನ್ ಭಯ

ಪ್ರಶ್ನೆ: ನನಗೆ 29 ವರ್ಷ, ತೂಕ 57 ಕೆ.ಜಿ. ದಾವಣಗೆರೆ ಹತ್ತಿರದ ಹಳ್ಳಿ. ಅಣ್ಣನಿಗೆ 36. ಆರು ತಿಂಗಳ ಹಿಂದೆ ಎಎಂಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಕೀಮೋ ಆಗಿ ಈಗ ಹತೋಟಿಗೆ ಬಂದಿದೆ. ಸ್ಟೆಮ್ ಸೆಲ್ ಕಸಿ ಮಾಡಬೇಕಂತೆ. ನನ್ನದು ಪೂರ್ತಿ ಮ್ಯಾಚ್ ಆಗಿದೆ. ಕೊಡೋಕೆ ನನಗೆ ಮನಸ್ಸಿದೆ. ಆದರೆ ಮೊದಲು ಐದು ದಿನ ‘ಗ್ರೋತ್ ಫ್ಯಾಕ್ಟರ್’ ಇಂಜೆಕ್ಷನ್ ಕೊಡ್ತಾರಂತೆ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡೋ ನಮ್ಮ ಭಾವ, “ಬೆಳೆಸೋ ಮದ್ದು ಅಂದ್ರೆ ಕ್ಯಾನ್ಸರೂ ಬೆಳೆಯುತ್ತೆ” ಅಂದರು. ಅತ್ತೆ, “ಬೆನ್ನುಹುರಿಯಿಂದ ತೆಗೀತಾರೆ, ಇನ್ನೊಂದು ಮಗು ಆಗಲ್ಲ” ಅಂತಾರೆ. ನನಗೆ 14 ತಿಂಗಳ ಮಗಳಿದ್ದಾಳೆ, ರಾತ್ರಿ ಇನ್ನೂ ಹಾಲು ಕುಡೀತಾಳೆ. ಸ್ಟೆಮ್ ಸೆಲ್ ಯಾವ ಸೆಲ್ ಬೇಕಾದರೂ ಆಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹಾಗಾದರೆ ನನ್ನ ಸೆಲ್ ಅಣ್ಣನ ಮೈಯಲ್ಲಿ ಏನೇನೋ ಆಗಿಬಿಟ್ಟರೆ? ಇಂಥದ್ದೇ ಆಗು ಅಂತ ಅದಕ್ಕೆ ಹೇಳೋರು ಯಾರು? ಅಣ್ಣನ ರಿಪೋರ್ಟಿನಲ್ಲಿ ‘ಎಫ್‌ಎಲ್‌ಟಿ3 ಪಾಸಿಟಿವ್’ ಅಂತಲೂ ಇದೆ. ನಮಗೆ ಬೇರೆ ದಾರಿ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯ ಇದೆ, ಒಂದು ಪ್ರಶ್ನೆ ಇದೆ. “ಇಂಥದ್ದೇ ಆಗು ಅಂತ ಹೇಳೋರು ಯಾರು?” ಅನ್ನುವುದು ಆ ಪ್ರಶ್ನೆ. ರಕ್ತದ ಕಾಯಿಲೆಗಳ ವಿಭಾಗದಲ್ಲಿ ಇಷ್ಟು ವರ್ಷ ದಾನಿಗಳ ಜೊತೆ ಮಾತಾಡಿದ್ದೇನೆ, ಇದನ್ನು ಇಷ್ಟು ನೇರವಾಗಿ ಕೇಳಿದವರು ಕಡಿಮೆ. ಅಲ್ಲಿಂದಲೇ ಶುರು ಮಾಡೋಣ. ಇಂಜೆಕ್ಷನ್ ಭಯಕ್ಕೆ ಉತ್ತರವೂ ಅದರೊಳಗೇ ಇದೆ.

ಮೊದಲು ವಿಡಿಯೋದ ಮಾತು. ಯಾವ ಸೆಲ್ ಬೇಕಾದರೂ ಆಗಬಲ್ಲದು ಅನ್ನೋದು ಭ್ರೂಣದ ಆರಂಭದ ದಿನಗಳ ಸೆಲ್ಲಿಗೆ ಹೊಂದುವ ಮಾತು. ನಿಮ್ಮ ಮೂಳೆಮಜ್ಜೆಯಲ್ಲಿ ಇರುವುದು ರಕ್ತದ ಸ್ಟೆಮ್ ಸೆಲ್. ಅದು ಕೆಂಪು ಕಣ ಆಗುತ್ತದೆ, ಹತ್ತಾರು ಬಗೆಯ ಬಿಳಿ ಕಣ ಆಗುತ್ತದೆ, ಪ್ಲೇಟ್‌ಲೆಟ್ ಆಗುತ್ತದೆ. ಅಷ್ಟೇ ಅದರ ಸೀಮೆ. 2001ರಲ್ಲಿ, ಇಲಿಯ ಮಜ್ಜೆಯ ಸೆಲ್ಲನ್ನು ಹೃದಯಕ್ಕೆ ಚುಚ್ಚಿದರೆ ಹೃದಯದ ಸ್ನಾಯು ಆಗುತ್ತದೆ ಅಂತ ದೊಡ್ಡ ಸುದ್ದಿ ಆಗಿತ್ತು. 2004ರಲ್ಲಿ ಬೇರೆ ಲ್ಯಾಬುಗಳು ಮತ್ತೆ ಮಾಡಿ ನೋಡಿದವು. ಚುಚ್ಚಿದ್ದು ರಕ್ತದ ಸೆಲ್, ಹೃದಯದೊಳಗೆ ಕೂತರೂ ರಕ್ತದ ಸೆಲ್ಲಾಗಿಯೇ ಉಳಿದಿತ್ತು. ಹಾಗಾಗಿ ಅಣ್ಣನ ಮೈಯಲ್ಲಿ ನಿಮ್ಮ ಸೆಲ್ ಲಿವರೋ ಕೂದಲೋ ಆಗಿಬಿಡುತ್ತದೆ ಅನ್ನೋ ಚಿಂತೆ ಬಿಡಿ. ಅದೇ ಕಾರಣಕ್ಕೆ, ಮಂಡಿನೋವಿಗೂ ಶುಗರಿಗೂ ಎಲ್ಲಕ್ಕೂ ಸ್ಟೆಮ್ ಸೆಲ್ ಚುಚ್ಚುತ್ತೇವೆ ಅನ್ನುವವರ ಬೋರ್ಡು ಕಂಡರೆ ಮುಂದಕ್ಕೆ ನಡೆಯಿರಿ. ನಮ್ಮ ದೇಶದ 2017ರ ಮಾರ್ಗಸೂಚಿ ಚಿಕಿತ್ಸೆ ಅಂತ ಒಪ್ಪಿರುವುದು ರಕ್ತದ ಸ್ಟೆಮ್ ಸೆಲ್ ಕಸಿಯನ್ನು, ಅದೂ ಗೊತ್ತಾದ ಕಾಯಿಲೆಗಳಿಗೆ ಮಾತ್ರ. ಬಾಕಿಯದ್ದೆಲ್ಲ ಪ್ರಯೋಗ.

ಸರಿ, ರಕ್ತದೊಳಗೇ ಕೆಂಪಾಗಬೇಕೋ ಬಿಳಿಯಾಗಬೇಕೋ ಅಂತ ಹೇಳೋರು ಯಾರು? ಒಬ್ಬರಲ್ಲ. ಸೆಲ್ ಕೂತಿರುವ ಜಾಗ ಹೇಳುತ್ತದೆ, ದೂರದ ಅಂಗಗಳು ಹೇಳಿ ಕಳಿಸುತ್ತವೆ, ಸೆಲ್ಲಿನೊಳಗೂ ಒಂದು ಹಗ್ಗಜಗ್ಗಾಟ ನಡೆಯುತ್ತದೆ. ಮಾತು ಮುಟ್ಟಿಸುವುದು ಪ್ರೋಟೀನುಗಳು. ಒಂದು ಸೆಲ್ ಬಿಟ್ಟ ಪ್ರೋಟೀನ್ ಇನ್ನೊಂದರ ಮೈಮೇಲಿನ ರಿಸೆಪ್ಟರಿಗೆ ಬಂದು ಕೂರುತ್ತದೆ. ಹಾಗೆ ಸುದ್ದಿ ಒಳಗೆ ಹೋಗುತ್ತದೆ. ಆ ರಿಸೆಪ್ಟರ್ ಇಲ್ಲದ ಸೆಲ್ಲಿಗೆ ಆ ಸುದ್ದಿ ಕೇಳಿಸುವುದೇ ಇಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಭಾವನವರಿಗೆ ಉತ್ತರ ಕೊಡುವಾಗ ಬೇಕು.

ಜಾಗದ ಮಹಿಮೆ ತೋರಿಸಿದ್ದು ಇಲಿಗಳೇ. ಹುಟ್ಟಾ ರಕ್ತಹೀನತೆ ಇರುವ ಎರಡು ತಳಿ ಇಲಿಗಳಿದ್ದವು, ನೋಡೋಕೆ ಕಾಯಿಲೆ ಒಂದೇ ತರಹ. ಮೊದಲ ತಳಿಗೆ ಒಳ್ಳೆ ಇಲಿಯ ಮಜ್ಜೆ ಕೊಟ್ಟರೆ ವಾಸಿಯಾಗುತ್ತಿತ್ತು. ಎರಡನೆಯದಕ್ಕೆ ಅದೇ ಮಜ್ಜೆ ಕೊಟ್ಟರೂ ಏನೂ ಆಗುತ್ತಿರಲಿಲ್ಲ. ಮೊದಲನೆಯದರಲ್ಲಿ ಬೀಜ ಕೆಟ್ಟಿತ್ತು, ಎರಡನೆಯದರಲ್ಲಿ ನೆಲ. ವರ್ಷಗಳು ಕಳೆದ ಮೇಲೆ ಕಾರಣ ಸಿಕ್ಕಿತು. ಸ್ಟೆಮ್ ಸೆಲ್ಲನ್ನು ಬದುಕಿಸಿ ಇಡುವ ಎಸ್‌ಸಿಎಫ್ ಅನ್ನೋ ಪ್ರೋಟೀನನ್ನು ಅಕ್ಕಪಕ್ಕದ ಸೆಲ್ಲುಗಳು ತಯಾರಿಸುತ್ತವೆ, ಎರಡನೆಯ ತಳಿಯಲ್ಲಿ ಅದೇ ಸರಿ ಇರಲಿಲ್ಲ. ಮೊದಲನೆಯದರಲ್ಲಿ ಅದರ ರಿಸೆಪ್ಟರ್ ಕೆಟ್ಟಿತ್ತು. ಅದೇ ರಿಸೆಪ್ಟರಿನ ಜೀನಿನಲ್ಲಿ ಸಣ್ಣ ದೋಷ ಇದ್ದರೆ ಮನುಷ್ಯರಿಗೆ ಹುಟ್ಟಿನಿಂದಲೇ ಹಣೆ ಮೇಲೆ ಒಂದು ಎಳೆ ಬಿಳಿ ಕೂದಲು ಬರುತ್ತದೆ. ಅಂಥವರನ್ನು ನೀವೂ ನೋಡಿರಬಹುದು. ಸ್ಟೆಮ್ ಸೆಲ್ ಕೂರುವ ಈ ಜಾಗಕ್ಕೆ 1978ರಲ್ಲಿ ರೇ ಸ್ಕೋಫೀಲ್ಡ್ ಅನ್ನೋ ವಿಜ್ಞಾನಿ ‘ನಿಷ್’ ಅಂತ ಹೆಸರಿಟ್ಟರು. ನಾನು ರೋಗಿಗಳಿಗೆ ‘ಗೂಡು’ ಅನ್ನುತ್ತೇನೆ.

ಇನ್ನು ದೂರದಿಂದ ಬರುವ ಸುದ್ದಿ. ಮೈಯಲ್ಲಿ ಆಮ್ಲಜನಕ ಕಮ್ಮಿಯಾದರೆ ಕಿಡ್ನಿ ಎರಿತ್ರೊಪೊಯೆಟಿನ್ ಅನ್ನೋ ಪ್ರೋಟೀನ್ ಬಿಡುತ್ತದೆ. ಮಜ್ಜೆಯಲ್ಲಿ ಕೆಂಪು ಕಣ ಜಾಸ್ತಿಯಾಗುತ್ತದೆ. ಡಯಾಲಿಸಿಸ್‌ನವರು ವಾರ ವಾರ ಹಾಕಿಸಿಕೊಳ್ಳೋ ರಕ್ತದ ಇಂಜೆಕ್ಷನ್ ಇದೇ. 1977ರಲ್ಲಿ ಇದನ್ನು ಮೊದಲ ಸಲ ಶುದ್ಧವಾಗಿ ಬೇರ್ಪಡಿಸಲು ಜಪಾನಿನ ರೋಗಿಗಳ 2,550 ಲೀಟರ್ ಮೂತ್ರ ಬೇಕಾಯಿತು. ಸಿಕ್ಕಿದ್ದು ಕೆಲವೇ ಮಿಲಿಗ್ರಾಂ! ಪ್ಲೇಟ್‌ಲೆಟ್ ಮಾಡು ಅನ್ನೋ ಸುದ್ದಿ ಮುಖ್ಯವಾಗಿ ಲಿವರಿನಿಂದ ಬರುತ್ತದೆ. ಸೋಂಕು ತಗುಲಿದಾಗ ಬರುವ ಸುದ್ದಿಯ ಹೆಸರು ಜಿ-ಸಿಎಸ್‌ಎಫ್. ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣವನ್ನು ಬೇಗ ಬೇಗ ಮಾಡಿ ಕಳಿಸು ಅಂತ ಅದು ಮಜ್ಜೆಗೆ ಹೇಳುತ್ತದೆ.

ನಿಮಗೆ ಕೊಡುವ ಇಂಜೆಕ್ಷನ್ ಈ ಜಿ-ಸಿಎಸ್‌ಎಫ್. ನಿಮಗೆ ಜೋರು ಜ್ವರ ಬಂದಾಗಲೆಲ್ಲ ನಿಮ್ಮ ಮೈಯೇ ಇದನ್ನು ತಯಾರಿಸಿದೆ. ಔಷಧಿಯಾಗಿ 1991ರಿಂದ ಬಳಕೆಯಲ್ಲಿದೆ. ಕೀಮೋ ಆಗಿ ಬಿಳಿ ಕಣ ಕುಸಿದವರಿಗೆ ಕೊಡುವುದೂ ಇದನ್ನೇ.

ಈ ಸುದ್ದಿಗಳು ಸೆಲ್ಲಿನ ಹಣೆಬರಹ ಬರೆಯುತ್ತವೋ, ಅಥವಾ ತನ್ನಷ್ಟಕ್ಕೇ ಒಂದು ದಾರಿ ಹಿಡಿದ ಸೆಲ್ಲನ್ನು ಸಾಯದಂತೆ ಕಾಯುತ್ತವೋ ಅನ್ನೋ ಜಗಳ ದಶಕಗಳಿಂದ ಇದೆ. ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ ನನ್ನ ಲೆಕ್ಕ. ಸೆಲ್ಲಿನೊಳಗೆ ಗಾಟಾ1, ಪಿಯು1 ಅನ್ನೋ ಎರಡು ಪ್ರೋಟೀನುಗಳು ಒಂದನ್ನೊಂದು ಅದುಮುತ್ತಾ ಇರುತ್ತವೆ. ಗಾಟಾ1 ಗೆದ್ದರೆ ಕೆಂಪು ಕಣ, ಪ್ಲೇಟ್‌ಲೆಟ್ ಕಡೆ. ಪಿಯು1 ಗೆದ್ದರೆ ಬಿಳಿ ಕಣದ ಕಡೆ. ಹೊರಗಿನ ಸುದ್ದಿ ಈ ಹಗ್ಗಜಗ್ಗಾಟದಲ್ಲಿ ಒಂದು ಪಕ್ಷಕ್ಕೆ ಕೈ ಕೊಟ್ಟ ಹಾಗೆ.

ಸರಿ, ಬಿಳಿ ಕಣ ಮಾಡಿಸೋ ಮದ್ದು ಕೊಟ್ಟರೆ ಸ್ಟೆಮ್ ಸೆಲ್ ಯಾಕೆ ಹೊರಗೆ ಬರುತ್ತದೆ? ನಿಮ್ಮದು ಭದ್ರಾ ನೀರಿನ ಕಡೆ, ಭತ್ತದ ಸಸಿಮಡಿ ಹೊಸದಲ್ಲ. ನಾಟಿಗೆ ಸಸಿ ಕೀಳುವಾಗ ಏನು ಮಾಡ್ತಾರೆ? ಮಡಿಗೆ ನೀರು ನಿಲ್ಲಿಸ್ತಾರೆ. ಮಣ್ಣು ಮೆತ್ತಗಾಗುತ್ತದೆ, ಬೇರು ಹರಿಯದೆ ಸಸಿ ಕೈಗೆ ಬರುತ್ತದೆ. ಸಸಿಗೆ ಯಾರೂ ಏನೂ ಮಾಡಲಿಲ್ಲ, ಮಾಡಿದ್ದೆಲ್ಲ ಮಣ್ಣಿಗೆ. ಇಲ್ಲೂ ಹಾಗೇ. ಗೂಡಿನ ಸೆಲ್ಲುಗಳು ಸಿಎಕ್ಸ್‌ಸಿಎಲ್12 ಅನ್ನೋ ಪ್ರೋಟೀನ್ ಬಿಟ್ಟು ಸ್ಟೆಮ್ ಸೆಲ್ಲನ್ನು ಹಿಡಿದಿಟ್ಟಿರುತ್ತವೆ. ಜಿ-ಸಿಎಸ್‌ಎಫ್ ಬಂದರೆ ಗೂಡಿನಲ್ಲಿ ಆ ಪ್ರೋಟೀನ್ ಕಡಿಮೆಯಾಗುತ್ತದೆ. ಹೊಸದಾಗಿ ತುಂಬಿಕೊಂಡ ನ್ಯೂಟ್ರೋಫಿಲ್‌ಗಳು ಬಿಡುವ ಎಂಜೈಮುಗಳು ಉಳಿದ ಅಂಟನ್ನೂ ಕತ್ತರಿಸುತ್ತವೆ. ಹಿಡಿತ ಸಡಿಲವಾಗಿ ಸ್ಟೆಮ್ ಸೆಲ್ ರಕ್ತಕ್ಕೆ ಜಾರುತ್ತದೆ. ಇಲಿಗಳಲ್ಲಿ ಒಂದು ಚೆಂದದ ಪ್ರಯೋಗ ಆಗಿದೆ. ಜಿ-ಸಿಎಸ್‌ಎಫ್ ರಿಸೆಪ್ಟರೇ ಇಲ್ಲದ ಸ್ಟೆಮ್ ಸೆಲ್ಲುಗಳನ್ನೂ ಇರುವ ಸೆಲ್ಲುಗಳನ್ನೂ ಒಂದೇ ಮೈಯಲ್ಲಿ ಬೆರೆಸಿಟ್ಟು ಇಂಜೆಕ್ಷನ್ ಕೊಟ್ಟರು. ಸುದ್ದಿ ಕೇಳಿಸದ ಸೆಲ್ಲುಗಳೂ ಹೊರಗೆ ಬಂದವು! ಅಂದರೆ ಮದ್ದು ಆ ಸೆಲ್ಲಿಗೆ ‘ಬೆಳೆ’ ಅಂತ ಹೇಳಲೇ ಇಲ್ಲ. ಸುತ್ತಲಿನ ಮಣ್ಣು ಸಡಿಲಿಸಿತು.

ಭಾವನವರ ಮಾತಿಗೆ ಬರೋಣ. ಗ್ರೋತ್ ಫ್ಯಾಕ್ಟರ್ ಅನ್ನೋ ಹೆಸರೇ ತೊಂದರೆ ಕೊಡುತ್ತಿದೆ. ರಸಗೊಬ್ಬರದ ಹಾಗೆ ಎಲ್ಲವನ್ನೂ ಬೆಳೆಸೋ ವಸ್ತು ಇದಲ್ಲ. ರಿಸೆಪ್ಟರ್ ಇರುವ ಸೆಲ್ಲಿಗೆ ಮಾತ್ರ ಕೇಳಿಸುತ್ತದೆ, ಒಂದೆರಡು ದಿನದಲ್ಲಿ ಮೈಯಿಂದ ಹೋಗುತ್ತದೆ. ಆದರೂ ಅವರ ಅನುಮಾನ ಹುಚ್ಚಲ್ಲ. ಬ್ಲಡ್ ಕ್ಯಾನ್ಸರಿಗೂ ಈ ಸುದ್ದಿ ವ್ಯವಸ್ಥೆಗೂ ಸಂಬಂಧ ಇದೆ. ನಿಮ್ಮ ಅಣ್ಣನ ರಿಪೋರ್ಟೇ ಅದಕ್ಕೆ ಉದಾಹರಣೆ.

ಎಫ್‌ಎಲ್‌ಟಿ3 ಅಂದರೆ ರಕ್ತದ ಎಳೆ ಸೆಲ್ಲುಗಳ ಮೇಲಿರುವ ಒಂದು ರಿಸೆಪ್ಟರ್. ಅದಕ್ಕೆ ಹೊಂದುವ ಪ್ರೋಟೀನ್ ಬಂದು ಕೂತಾಗ ಮಾತ್ರ ಒಳಗೆ ‘ಇಮ್ಮಡಿಸು’ ಅಂತ ಸುದ್ದಿ ಹೋಗಬೇಕು. ಎಎಂಎಲ್ ಇರುವ ಹತ್ತು ಜನರಲ್ಲಿ ಸುಮಾರು ಮೂವರಲ್ಲಿ ಈ ಜೀನಿನಲ್ಲಿ ತಪ್ಪಾಗಿರುತ್ತದೆ. ಬಾಗಿಲ ಬೆಲ್ಲಿನ ಗುಂಡಿ ಒಳಗೇ ಸಿಕ್ಕಿಕೊಂಡ ಹಾಗೆ. ಹೊರಗೆ ಯಾರೂ ಇಲ್ಲ, ಬೆಲ್ ಮಾತ್ರ ಹೊಡೆದುಕೊಳ್ಳುತ್ತಲೇ ಇರುತ್ತದೆ. ಮಿಡೋಸ್ಟಾರಿನ್‌ನಂಥ ಮಾತ್ರೆಗಳು ಆ ಬೆಲ್ಲಿನ ವೈರು ಕತ್ತರಿಸೋಕೆ ನೋಡುತ್ತವೆ. ಈ ಬಗೆಯ ಎಎಂಎಲ್ ಕೀಮೋ ಒಂದರಿಂದಲೇ ಹೋದರೂ ಮರಳಿ ಬರುವುದು ಜಾಸ್ತಿ. ಅದಕ್ಕೇ ಅವರ ವೈದ್ಯರು ಕಸಿ ಮಾಡಿಸೋಣ ಅನ್ನುತ್ತಿರುವುದು. ಈಗ ನೀವೇ ಹೋಲಿಸಿ. ಅಣ್ಣನಲ್ಲಿ ಕೆಟ್ಟಿರುವುದು ಸೆಲ್ಲಿನ ಜೀನ್. ನಿಮಗೆ ಕೊಡುವುದು ಐದು ದಿನದ ಸುದ್ದಿ, ಅದು ಜೀನನ್ನು ಮುಟ್ಟುವುದಿಲ್ಲ. ಸಾವಿರಾರು ದಾನಿಗಳನ್ನು ದೊಡ್ಡ ದಾನಿ ನೋಂದಣಿ ಸಂಸ್ಥೆಗಳು ವರ್ಷಗಟ್ಟಲೆ ಹಿಂಬಾಲಿಸಿ ನೋಡಿವೆ. ಅವರಲ್ಲಿ ಬ್ಲಡ್ ಕ್ಯಾನ್ಸರ್ ಬೇರೆ ಜನಕ್ಕಿಂತ ಜಾಸ್ತಿ ಕಂಡಿಲ್ಲ. ರೋಗಿಯ ಒಡಹುಟ್ಟಿದವರಿಗೆ ಕುಟುಂಬದ ಕಾರಣದಿಂದಲೇ ಅಪಾಯ ಎಳ್ಳಷ್ಟು ಹೆಚ್ಚಿರಬಹುದು. ಅಂಥವರಲ್ಲಿ ಯಾರಿಗೋ ಮುಂದೆ ಕಾಯಿಲೆ ಬಂದರೆ ಜನ ಇಂಜೆಕ್ಷನ್ನನ್ನೇ ಬೈಯುತ್ತಾರೆ. ಇಂಥ ಸುದ್ದಿ ಕೇಳಿದಾಗ ಇದು ನೆನಪಿರಲಿ.

ಹಾಗಂತ ಏನೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಮೂಳೆ ನೋಯುತ್ತದೆ. ಐವರಲ್ಲಿ ನಾಲ್ವರಿಗಾದರೂ ನೋಯುತ್ತದೆ. ಸೊಂಟ, ಬೆನ್ನು, ತೊಡೆ ಒಳಗಿನಿಂದ ಬಡಿದ ಹಾಗೆ. ನಿಮ್ಮ ತೂಕಕ್ಕೆ ದಿನಕ್ಕೆ 300 ಮೈಕ್ರೋಗ್ರಾಂನ ಎರಡು ಸಿರಿಂಜ್ ಹಾಕುತ್ತಾರೆ. ಮೂರನೇ ದಿನದ ರಾತ್ರಿ ನಿದ್ದೆ ಸರಿ ಬರದೇ ಇರಬಹುದು. ಪ್ಯಾರಾಸಿಟಮಾಲ್ ಸಾಕಾಗುತ್ತದೆ, ಆಸ್ಪಿರಿನ್ ಬೇಡ. ತಲೆನೋವು, ಸುಸ್ತು, ಜ್ವರ ಬಂದ ಹಾಗೆ ಮೈಕೈ ನೋವು ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ಕಣ 40 ಸಾವಿರ ದಾಟಿರುತ್ತದೆ. ಒಬ್ಬ ದಾನಿ ಆ ಚೀಟಿ ಹಿಡಿದುಕೊಂಡು “ಡಾಕ್ಟ್ರೇ, ನನಗೂ ಬಂತು ಅಲ್ವಾ?” ಅಂತ ಅಳುತ್ತಾ ಬಂದಿದ್ದರು. ಬಂದಿಲ್ಲ. ಮದ್ದು ನಿಂತ ಒಂದೆರಡು ವಾರದಲ್ಲಿ ಇಳಿಯುತ್ತದೆ. ಗುಲ್ಮ, ಅಂದರೆ ಎಡ ಪಕ್ಕೆಯೊಳಗಿನ ಸ್ಪ್ಲೀನ್, ಸ್ವಲ್ಪ ಊದಿಕೊಳ್ಳುತ್ತದೆ, ಸಾವಿರಾರು ಜನರಲ್ಲಿ ಒಬ್ಬರಿಗೆ ಒಡೆದದ್ದೂ ಉಂಟು. ಎಡ ಪಕ್ಕೆಯ ಕೆಳಗೆ ಅಥವಾ ಎಡ ಭುಜದಲ್ಲಿ ಜೋರು ನೋವು ಬಂದರೆ ಆಗಲೇ ಹೇಳಬೇಕು. ಆ ಎರಡು ವಾರ ಭಾರ ಎತ್ತಬೇಡಿ. ಮಗಳನ್ನು ಎತ್ತಿಕೊಳ್ಳಲೇಬೇಕಾದರೆ ಕೂತು ತೊಡೆ ಮೇಲೆ ಹಾಕಿಕೊಳ್ಳಿ. ಸಿಕಲ್ ಸೆಲ್ ಕಾಯಿಲೆ ಇರುವವರಿಗೆ ಈ ಮದ್ದು ಪ್ರಾಣಕ್ಕೇ ಅಪಾಯ. ಅದಕ್ಕೇ ದಾನಿಯ ರಕ್ತದಲ್ಲಿ ಅದನ್ನೂ ನೋಡುತ್ತೇವೆ.

ಐದನೇ ದಿನ ಎರಡೂ ಕೈಗೆ ಸೂಜಿ. ಒಂದು ಕಡೆಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಸ್ಟೆಮ್ ಸೆಲ್ ಇರುವ ಪದರ ಮಾತ್ರ ಬೇರೆಯಾಗಿ ಉಳಿದದ್ದು ಇನ್ನೊಂದು ಕೈಗೆ ವಾಪಸ್. ನಾಲ್ಕರಿಂದ ಆರು ತಾಸು. ಅಷ್ಟು ಹೊತ್ತು ಕೈ ಮಡಿಸುವ ಹಾಗಿಲ್ಲ, ಮೂಗು ತುರಿಸಿದರೂ ಯಾರಾದರೂ ಕೆರೆಯಬೇಕು! ರಕ್ತ ಹೆಪ್ಪುಗಟ್ಟದಿರಲು ಹಾಕುವ ಸಿಟ್ರೇಟ್‌ನಿಂದ ತುಟಿ ಸುತ್ತ ಜುಮ್ಮೆನ್ನುತ್ತದೆ. ಹೇಳಿದರೆ ಕ್ಯಾಲ್ಸಿಯಂ ಕೊಡುತ್ತಾರೆ. ಕೈಯ ನರ ಸಣ್ಣಗಿದ್ದರೆ ಕುತ್ತಿಗೆಯಲ್ಲಿ ಲೈನ್ ಹಾಕಬೇಕಾಗುತ್ತದೆ, ಅದಕ್ಕೆ ಅದರದ್ದೇ ಆದ ಅಪಾಯ ಇದೆ. ನಿಮ್ಮ ನರ ಹೇಗಿದೆ ಅಂತ ಮುಂಚೆಯೇ ನೋಡಿಸಿ. ಕೊನೆಗೆ ಸಿಗುವುದು ಟೊಮೆಟೊ ಸಾರಿನ ಬಣ್ಣದ ಒಂದು ಸಣ್ಣ ಚೀಲ. ಅಣ್ಣನ ತೂಕ 68 ಕೆ.ಜಿ. ಅಂದುಕೊಂಡರೆ ಅದರಲ್ಲಿ ಸುಮಾರು 34 ಕೋಟಿ ಎಳೆ ಸೆಲ್ ಇರಬೇಕು, ಕೆ.ಜಿ.ಗೆ 50 ಲಕ್ಷದ ಲೆಕ್ಕ. ಒಂದು ದಿನ ಸಾಲದಿದ್ದರೆ ಮರುದಿನ ಇನ್ನೊಮ್ಮೆ ಕೂರಬೇಕು. ನಿಮ್ಮಲ್ಲಿ ಏನೂ ಖಾಲಿಯಾಗುವುದಿಲ್ಲ, ಗೂಡಿನಲ್ಲಿ ಉಳಿದವು ತುಂಬಿಕೊಳ್ಳುತ್ತವೆ.

ಅತ್ತೆಯವರ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1983ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ನಮ್ಮ ದೇಶದ ಮೊದಲ ಕಸಿ ಆದ ಕಾಲಕ್ಕೆ ಮಜ್ಜೆಯನ್ನು ಮೂಳೆಯಿಂದಲೇ ಎಳೆಯಬೇಕಿತ್ತು. ಆಗಲೂ ತೆಗೆಯುತ್ತಿದ್ದದ್ದು ಸೊಂಟದ ಹಿಂಬದಿಯ ಮೂಳೆಯಿಂದ. ಬೆನ್ನುಹುರಿಗೂ ಅದಕ್ಕೂ ಸಂಬಂಧ ಇಲ್ಲ. ಕೆಲವೊಮ್ಮೆ ಅರಿವಳಿಕೆಯನ್ನು ಬೆನ್ನಿಗೆ ಕೊಡುತ್ತಾರೆ, ಸಿಸೇರಿಯನ್‌ಗೆ ಕೊಡುವ ಹಾಗೆ. ಮಾತು ಅಲ್ಲಿಂದ ಹುಟ್ಟಿರಬೇಕು. ಅತ್ತೆಯವರಿಗೆ ಸಿಸೇರಿಯನ್ ಹೋಲಿಕೆ ಕೊಟ್ಟು ಹೇಳಿ, ಅರ್ಥ ಆಗುತ್ತದೆ. ಇನ್ನೊಂದು ಮಗುವಿಗೆ ಇದರಿಂದ ಅಡ್ಡಿ ಇಲ್ಲ. ಆದರೆ ಬಸುರಿಯಾಗಿದ್ದಾಗ ಈ ಇಂಜೆಕ್ಷನ್ ಕೊಡುವುದಿಲ್ಲ. ಮೊದಲ ಡೋಸಿಗೆ ಮುಂಚೆ ಪರೀಕ್ಷೆ ಮಾಡುತ್ತಾರೆ. ಹಾಲಿನ ವಿಷಯ ನೀವೇ ಮೊದಲು ಎತ್ತಿ. ಮದ್ದು ಎದೆಹಾಲಿಗೆ ಬರುವುದು ಬಹಳ ಕಡಿಮೆ. ಆದರೂ ಇಂಜೆಕ್ಷನ್ ಇರುವ ದಿನ, ಆಮೇಲೆ ಇನ್ನೆರಡು ಮೂರು ದಿನ ಕುಡಿಸಬೇಡಿ ಅಂತ ಹೇಳುವ ಕೇಂದ್ರಗಳು ಹೆಚ್ಚು. ಹಾಲು ಕಟ್ಟದಂತೆ ಹಿಂಡಿ ತೆಗೆಯುತ್ತಿರಿ. ಮಗಳಿಗೆ ಲೋಟದ ಅಭ್ಯಾಸ ಈಗಿಂದಲೇ ಮಾಡಿಸಿದರೆ ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಕೆಡುವುದಿಲ್ಲ.

ಬೇರೆ ದಾರಿ ಕೇಳಿದಿರಿ. ಇದೆ. ಇಂಜೆಕ್ಷನ್ನೇ ಬೇಡ ಅಂದರೆ ಸೊಂಟದ ಮೂಳೆಯಿಂದ ಮಜ್ಜೆ ಕೊಡಬಹುದು. ಅರಿವಳಿಕೆ ಕೊಟ್ಟು, ಮುಕ್ಕಾಲರಿಂದ ಒಂದು ಲೀಟರಿನವರೆಗೆ ರಕ್ತ ಬೆರೆತ ಮಜ್ಜೆ ತೆಗೆಯುತ್ತಾರೆ. ಒಂದೆರಡು ದಿನ ಆಸ್ಪತ್ರೆ, ಒಂದೆರಡು ವಾರ ಸೊಂಟ ನೋವು, ಸ್ವಲ್ಪ ದಿನ ಹಿಮೋಗ್ಲೋಬಿನ್ ಕಮ್ಮಿ. ನಿಮಗೆ ಈಗಲೇ ರಕ್ತ ಕಮ್ಮಿ ಇದ್ದರೆ ಇದು ಕಷ್ಟ.

ಆದರೆ ಆಯ್ಕೆಯ ಮುಖ್ಯ ಪರಿಣಾಮ ಅಣ್ಣನ ಮೇಲೆ. ನಿಮ್ಮ ಸ್ಟೆಮ್ ಸೆಲ್ ಜೊತೆ ನಿಮ್ಮ ಟಿ ಸೆಲ್ ಅನ್ನೋ ಕಾವಲು ಕಣಗಳೂ ಹೋಗುತ್ತವೆ. ಅವು ಅಣ್ಣನ ಮೈಯನ್ನು ಪರಕೀಯ ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಬೀಳಬಹುದು. ಅವರ ಮೈಯಲ್ಲಿ ಉಳಿದ ಕ್ಯಾನ್ಸರ್ ಸೆಲ್ಲನ್ನು ಬೇಟೆಯಾಡುವುದೂ ಅವೇ, ಅದು ಬೇಕೇ ಬೇಕು. ‘ಏನೇನೋ ಆಗಿಬಿಟ್ಟರೆ’ ಅಂದಿರಲ್ಲ, ನಿಜವಾದ ಭಯ ಇದು. ಸೆಲ್ ಬೇರೆ ಏನೋ ಆಗುವುದಲ್ಲ, ಆಗಬೇಕಾದ್ದೇ ಆಗಿ ಮನೆ ಗುರುತು ಹಿಡಿಯದೇ ಇರುವುದು. ಸಂಬಂಧಿಕರಲ್ಲದ ದಾನಿಗಳ ಮೇಲೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಹೋಲಿಕೆಯ ಫಲ 2012ರಲ್ಲಿ ಬಂತು. ಎರಡು ವರ್ಷದಲ್ಲಿ ದೀರ್ಘಕಾಲದ ಈ ತೊಂದರೆ ರಕ್ತದಿಂದ ತೆಗೆದ ಸೆಲ್ ಪಡೆದವರಲ್ಲಿ 53 ಶೇಕಡಾ, ಮಜ್ಜೆ ಪಡೆದವರಲ್ಲಿ 41 ಶೇಕಡಾ. ಸೆಲ್ ಬೇರೂರದೇ ಹೋದದ್ದು ಕ್ರಮವಾಗಿ 3 ಮತ್ತು 9 ಶೇಕಡಾ. ಬದುಕುಳಿದವರ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎಎಂಎಲ್‌ಗೆ ಒಡಹುಟ್ಟಿದವರು ಕೊಡುವಾಗ ನಾನಾದರೆ ರಕ್ತದಿಂದಲೇ ತೆಗೆಯೋಣ ಅನ್ನುತ್ತೇನೆ. ಬೇಗ ಬೇರೂರುತ್ತದೆ, ನಿಮಗೆ ಅರಿವಳಿಕೆ ತಪ್ಪುತ್ತದೆ. ಕಾಯಿಲೆ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುವ ಕಾಯಿಲೆ, ಆಗಿದ್ದರೆ ಮಜ್ಜೆ ಅನ್ನುತ್ತಿದ್ದೆ, ಯಾಕೆಂದರೆ ಅಲ್ಲಿ ಕೊಲ್ಲಬೇಕಾದ ಕ್ಯಾನ್ಸರ್ ಇಲ್ಲ.

ನೀವು ಕೊಡದೇ ಇದ್ದರೂ ಅಣ್ಣನ ಬಾಗಿಲು ಮುಚ್ಚುವುದಿಲ್ಲ. ತಂದೆ, ತಾಯಿ, ಅಣ್ಣನ ಸ್ವಂತ ಮಕ್ಕಳು ಅರ್ಧ ಮ್ಯಾಚ್ ಇದ್ದೇ ಇರುತ್ತಾರೆ. ಕಸಿಯಾದ ಮೂರು, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಟ್ಟು ಕಿಡಿಗೇಡಿ ಟಿ ಸೆಲ್ಲುಗಳನ್ನು ಅಡಗಿಸುವ ವಿಧಾನ ಬಂದ ಮೇಲೆ ಅರ್ಧ ಮ್ಯಾಚ್ ಕಸಿ ನಮ್ಮಲ್ಲೂ ಸಾಮಾನ್ಯವಾಗಿದೆ. ದಾನಿ ನೋಂದಣಿಗಳಲ್ಲಿ ಹುಡುಕಿಸಬಹುದು, ಆದರೆ ಅದಕ್ಕೆ ಸಮಯ, ಹಣ ಎರಡೂ ಬೇಕು. ಒಡಹುಟ್ಟಿದವರಲ್ಲಿ ಪೂರ್ತಿ ಮ್ಯಾಚ್ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದು ನಿಮಗೆ ಒಲಿದಿದೆ. ಹಾಗಂತ ಸಾಲ ತೀರಿಸಬೇಕು ಅನ್ನೋ ಹಾಗೆ ಒಪ್ಪಿಕೊಳ್ಳಬೇಡಿ. ನಿಮ್ಮನ್ನು ಪರೀಕ್ಷಿಸುವ ವೈದ್ಯರು ಅಣ್ಣನ ವೈದ್ಯರಲ್ಲದೆ ಬೇರೆಯವರಾಗಿರಲಿ ಅಂತ ಕೇಳಿ. ಮನೆಯವರನ್ನು ಹೊರಗೆ ಕೂರಿಸಿ ಒಬ್ಬರೇ ಮಾತಾಡಿ. ಆಗಲ್ಲ ಅನ್ನೋದಿದ್ದರೆ ಅಲ್ಲಿ ಹೇಳಿ, ವೈದ್ಯರು ಕಾರಣವನ್ನು ಮನೆಯವರಿಗೆ ಹೇಳಬೇಕಿಲ್ಲ. ಒಂದು ಗಡಿ ಮಾತ್ರ ಇದೆ. ಕಸಿಗೆ ಸುಮಾರು ಒಂದು ವಾರ ಮುಂಚೆ ಅಣ್ಣನಿಗೆ ಜೋರು ಕೀಮೋ ಶುರು ಮಾಡಿ ಅವರ ಹಳೇ ಮಜ್ಜೆಯನ್ನು ಪೂರ್ತಿ ಅಳಿಸುತ್ತಾರೆ. ಅದಾದ ಮೇಲೆ ನೀವು ಹಿಂದೆ ಸರಿದರೆ ಅವರು ಉಳಿಯುವುದು ಕಷ್ಟ. ಆ ದಿನಾಂಕ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಯೋಚನೆ ಎಲ್ಲ ಅದಕ್ಕೆ ಮುಂಚೆ ಮುಗಿಯಲಿ.

ಕಸಿಯ ದಿನ ಆಪರೇಷನ್ ಏನೂ ಇರುವುದಿಲ್ಲ. ರಕ್ತ ಹಾಕಿದ ಹಾಗೆ ಚೀಲ ಮೇಲೆ ತೂಗಿ ನರಕ್ಕೆ ಬಿಡುತ್ತಾರೆ. 34 ಕೋಟಿ ಸೆಲ್ಲಿಗೆ ದಾರಿ ತೋರಿಸುವುದು ನಾವಲ್ಲ. ನಿಮ್ಮ ಮೂಳೆಯಲ್ಲಿ ಅವನ್ನು ಹಿಡಿದಿಟ್ಟಿದ್ದ ಅದೇ ಸಿಎಕ್ಸ್‌ಸಿಎಲ್12 ಅಣ್ಣನ ಮೂಳೆಯಲ್ಲೂ ಇದೆ. ಅದರ ಸುಳಿವು ಹಿಡಿದು ಸೆಲ್ಲುಗಳು ಮೂಳೆ ಸೇರಿ ಖಾಲಿ ಗೂಡಿನಲ್ಲಿ ಕೂರುತ್ತವೆ. ಕಸಿ ಅನ್ನೋದಕ್ಕಿಂತ ನಾಟಿ ಅನ್ನೋದೇ ಸರಿ ಅಂತ ನನಗೆ ಅನಿಸುವುದು ಇದಕ್ಕೇ. ಎರಡು ವಾರದ ಆಸುಪಾಸಿನಲ್ಲಿ ಅವರ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಏರತೊಡಗುತ್ತದೆ. ನಿಮ್ಮಿಬ್ಬರ ರಕ್ತದ ಗುಂಪು ಬೇರೆ ಬೇರೆ ಇದ್ದರೆ ಕೆಲವು ತಿಂಗಳಲ್ಲಿ ಅಣ್ಣನ ಗುಂಪು ನಿಮ್ಮದಕ್ಕೆ ಬದಲಾಗುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೇ ಗುಂಪು ಇದ್ದರೆ ಆಗ ತಿದ್ದಿಸಬೇಕು, ಅದೊಂದು ಓಡಾಟ ಅವರ ಪಾಲಿಗಿರಲಿ.